ಎಡಗೋಡೆಯಲ್ಲಿ ಹದಿನೈದೇ ಸೀಳು

ಕಾಕಾ, ನಿಮ್ಮ ಗ್ಯಾರೇಜಿನ ಎಡಗೋಡೆಯ ಕೆಲಸದಲ್ಲಿ ನಾನು ತಪ್ಪು ಮಾಡಿದೆ. ಮಾಡಿದ್ದನ್ನು ಆರು ವರ್ಷ ನಿಮ್ಮಿಂದ ಮುಚ್ಚಿಟ್ಟೆ. ನಿಮಗೆ ಮರೆವು ಹತ್ತಿದೆ ಎಂದು ನೀವು ನಂಬಿದಿರಿ — ಹಾಗೆ ನಂಬಲು ಬಿಟ್ಟವನು ನಾನು.

ನೀವು ನನ್ನ ಸ್ವಂತ ಕಾಕಾ ಅಲ್ಲ. ಧಾರವಾಡದಿಂದ ಒಂದು ಚೀಲ ಹಿಡಿದು ಬಂದವನಿಗೆ ಸಯನ್ನಿನ ನಿಮ್ಮ ಫ್ಲ್ಯಾಟಿನ ಹೊರಕೋಣೆ ಬಿಟ್ಟುಕೊಟ್ಟಿರಿ, ಕಾಕೂ ಎರಡು ವರ್ಷ ರೊಟ್ಟಿ ಬಡಿದು ಹಾಕಿದರು. ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದವರೂ ನೀವೇ. ಮುಂದೆ ಅಂಧೇರಿಯಲ್ಲಿ ಮೊಬೈಲ್ ಅಂಗಡಿಗಳ ಗೋಡೆಗೆ ಸ್ಲಾಟ್ ಬೋರ್ಡು ಕೂರಿಸುವ ಕೆಲಸ ಹಿಡಿದೆ. ಅಡ್ಡಡ್ಡ ಸೀಳುಗಳಿರುವ ಹಲಗೆ, ಯಾವ ಸೀಳಿಗೆ ಬೇಕಾದರೂ ಕೊಕ್ಕೆ ಸಿಕ್ಕಿಸಬಹುದು. ಬಿಲ್ಡಿಂಗಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ನೀವು ‘ನಮ್ಮ ಹುಡುಗನ ಕೈ ನೋಡ್ರಿ’ ಎನ್ನುತ್ತಿದ್ದಿರಿ. ಆ ಮಾತು ನನಗೆ ಎಷ್ಟು ರುಚಿಸುತ್ತಿತ್ತೆಂದರೆ —

ಇರಲಿ. ನಿಮ್ಮ ಕಣ್ಣು ಮಂಜಾಗುತ್ತಾ ಬಂದಾಗ, ಕಾರು ಮಾರಿ ಖಾಲಿಯಾದ ಗ್ಯಾರೇಜಿಗೆ ಅದೇ ಬೋರ್ಡು ಹಾಕೆಂದಿರಿ. ಬಿಲ್ಡಿಂಗಿನವರ ಮಿಕ್ಸರು, ಫ್ಯಾನು ರಿಪೇರಿ ಮಾಡಿಕೊಡುವುದನ್ನು ಕಣ್ಣು ಪೂರ್ತಿ ಹೋದ ಮೇಲೂ ಬಿಡಬಾರದೆಂಬುದು ನಿಮ್ಮ ಹಟ. ಮೇಲಿನ ಅಂಚಿನಿಂದ ಬೆರಳಲ್ಲಿ ಸೀಳು ಎಣಿಸುವುದು: ಎಡಗೋಡೆಯ ನಾಲ್ಕನೆಯದರಲ್ಲಿ ಪಕ್ಕಡ, ಐದನೆಯದರಲ್ಲಿ ಸ್ಕ್ರೂಡ್ರೈವರ್. ಹೀಗೆ ಪಟ್ಟಿ ಬರೆಸಿ ಕೊಟ್ಟು, ಮಗ್ಗಿಯಂತೆ ಬಾಯಿಪಾಠವನ್ನೂ ಮಾಡಿಕೊಂಡಿದ್ದಿರಿ. ಎರಡೂ ಗೋಡೆಗೆ ಹದಿನಾರು ಹದಿನಾರು ಸೀಳು, ಅಷ್ಟೇ ನೀವು ಕೇಳಿದ್ದು.

ಎಡಗೋಡೆಯಲ್ಲಿ ಬೀಮು ತುಸು ಕೆಳಗಿತ್ತು. ಬೋರ್ಡಿನ ಮೇಲಿನ ಒಂದು ಸೀಳು ಕತ್ತರಿಸಬೇಕಾಯಿತು. ಬಲಗೋಡೆಯದನ್ನೂ ಬಿಚ್ಚಿ ಅಷ್ಟೇ ಕತ್ತರಿಸಬೇಕಿತ್ತು, ಇಲ್ಲವೇ ನಿಮಗೆ ಹೇಳಬೇಕಿತ್ತು. ಮರುದಿನ ಅಂಧೇರಿಯಲ್ಲಿ ಬೇರೆ ಕೆಲಸವಿತ್ತು, ಎರಡನ್ನೂ ಮಾಡಲಿಲ್ಲ. ಅಂಗಡಿಯ ಚಾಳಿ ಬೇರೆ — ಎದುರುಬದುರಿನ ಕೊಕ್ಕೆಗಳು ಒಂದೇ ಸಾಲಿನಲ್ಲಿ ಕಾಣಬೇಕು. ಎಡಗೋಡೆಯ ಕೊಕ್ಕೆಗಳನ್ನು ಎಣಿಸದೆ, ಬಲಗೋಡೆ ನೋಡಿಕೊಂಡು ಸಿಕ್ಕಿಸುತ್ತಾ ಹೋದೆ. ಮೇಲಿನ ಸೀಳು ಇಲ್ಲದ್ದರಿಂದ, ಎಣಿಸಿದರೆ ಎಲ್ಲವೂ ನಿಮ್ಮ ಪಟ್ಟಿಗಿಂತ ಒಂದು ಸೀಳು ಮೇಲೆ ಕೂತವು: ಪಕ್ಕಡ ಮೂರನೆಯದರಲ್ಲಿ, ಸ್ಕ್ರೂಡ್ರೈವರ್ ನಾಲ್ಕನೆಯದರಲ್ಲಿ. ಬೆರಳಿನಿಂದ ನೋಡುವವರಿಗಾಗಿ ಮಾಡಿದ ಗೋಡೆಯನ್ನು ನಾನು ಕಣ್ಣಿಗೆ ಚೆಂದ ಮಾಡಿದೆ. ಕಾಕೂ ಚಹಾ ತಂದವರು ಭಾಳ ಚಂದ ಕಾಣತೈತಿ ಅಂದರು.

ನೀವು ಬಾಗಿಲಲ್ಲಿ ನಿಂತು ಕೇಳಿದಿರಿ: “ಎರಡೂ ಗ್ವಾಡಿ ಒಂದ ಸಮ ಅದಾವಿಲ್ಲೋ ತಮ್ಮಾ?”

“ಹೌದ್ರಿ ಕಾಕಾ, ಎರಡೂ ಒಂದ ಸಮ ಅದಾವ್ರಿ.”

ನೀವು ಬಲಗೋಡೆಯನ್ನು ಮೇಲಿಂದ ಕೆಳಗೆ ಎಣಿಸಿ ನೋಡಿ, ನಗುತ್ತಾ ನನ್ನ ಭುಜ ತಟ್ಟಿದಿರಿ. ಎಡಗೋಡೆಯನ್ನು ಎಣಿಸಲಿಲ್ಲ. ನನ್ನ ಮಾತು ಸಾಕಾಗಿತ್ತು ನಿಮಗೆ.

ತಿಂಗಳು ಕಳೆದು ಬಂದಾಗ ಗ್ಯಾರೇಜಿಗೆ ಬೀಗ ಬಿದ್ದಿತ್ತು. ರಿಪೇರಿಗೆ ಬಂದಿದ್ದ ಮಿಕ್ಸರುಗಳನ್ನೆಲ್ಲ ಹಾಗೆಯೇ ತಿರುಗಿ ಕೊಟ್ಟುಬಿಟ್ಟಿದ್ದಿರಿ. ಪಕ್ಕಡ ಎಂದು ಕೈ ಹಾಕಿದರೆ ಸ್ಕ್ರೂಡ್ರೈವರ್ ಬರುತ್ತದೆ, ಪಾಠ ಮಾಡಿದ್ದೆಲ್ಲ ಕಲಸಿಹೋಗಿದೆ ಎಂದಿರಿ. ಆಮೇಲೆ, ಕಾಕೂಗೆ ಕೇಳದಂತೆ ತಗ್ಗಿದ ದನಿಯಲ್ಲಿ:

“ಕಣ್ಣ ಹೋದ್ರ ನಡೀತಿತ್ತಪಾ, ಈಗ ತಲೀನೂ ಹೊಂಟೈತಿ. ಅಣ್ಣಗ ಆಗಿದ್ದ ನನಗೂ ಆಗಾಕತ್ತೈತಿ ನೋಡು.”

ನಿಮ್ಮ ಅಣ್ಣ ಕೊನೆಗಾಲಕ್ಕೆ ಹೆತ್ತ ಮಕ್ಕಳನ್ನೇ ಗುರುತಿಸುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನೀವು ಅದೊಂದಕ್ಕೇ ಹೆದರುತ್ತಿದ್ದಿರೆಂಬುದೂ. ಆ ಕ್ಷಣವೇ ನನಗೆ ಎಲ್ಲ ಹೊಳೆಯಿತು ಕಾಕಾ. ಕೀಲಿ ಕೇಳಿ ಪಡೆದು ಕೊಕ್ಕೆಗಳನ್ನು ಒಂದೊಂದು ಸೀಳು ಕೆಳಗಿಳಿಸಿದ್ದರೆ — ಹತ್ತು ನಿಮಿಷದ ಕೆಲಸ. ಬಾಯಿ ಬಿಟ್ಟಿದ್ದರೆ ಅದೂ ಬೇಕಿರಲಿಲ್ಲ. ಆದರೆ ‘ನಮ್ಮ ಹುಡುಗನ ಕೈ’ ಎಂಬ ಮಾತು ಹೋಗಿಬಿಡುತ್ತದಲ್ಲ — ಅದಕ್ಕಾಗಿ ಸುಮ್ಮನೆ ಕೂತು ಚಹಾ ಕುಡಿದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ನಿಮಗೆ ಸಮಾಧಾನ ಬೇರೆ ಹೇಳಿದೆ.

ಅಂದಿನಿಂದ ನೀವು ಪ್ರತಿ ಮಾತಿಗೂ ತಡವರಿಸುತ್ತೀರಿ. ಫೋನಿನಲ್ಲಿ ನನ್ನ ಮಗಳ ಹೆಸರು ಹೇಳುವ ಮುಂಚೆ, ಸರಿಯೇ ಎಂದು ಕಾಕೂನನ್ನು ಕೇಳುತ್ತೀರಿ. ಒಂದು ಸಲವೂ ತಪ್ಪಿದ್ದಿಲ್ಲ ನೀವು.

ಇಷ್ಟು ಬರೆದ ಮೇಲೆ ಹೊಳೆಯುತ್ತಿದೆ — ಇದನ್ನು ನೀವು ಓದಲಾರಿರಿ. ಯಾರೋ ಓದಿ ಹೇಳುತ್ತಾರೆ, ಆಗ ನಾನು ಎದುರಿಗಿರುವುದಿಲ್ಲ. ಅದಕ್ಕೇ ಬರೆಯಲು ಕೂತೆನೋ ಏನೋ.

ಈ ಕಾಗದ ಕಳಿಸುವುದಿಲ್ಲ; ಈ ಭಾನುವಾರ ನಾನೇ ಬರುತ್ತೇನೆ. ಕಾಕೂನ ಹತ್ತಿರ ಕೀಲಿ ಇಸಿದುಕೊಂಡು, ನಿಮ್ಮ ಕೈ ಹಿಡಿದು ಕೆಳಗೆ ಕರೆದೊಯ್ಯುತ್ತೇನೆ. ಮೊದಲೇ ಹೋಗಿ ಕೊಕ್ಕೆಗಳನ್ನು ಸರಿ ಮಾಡಿಡುವುದಿಲ್ಲ, ಅವು ಇದ್ದ ಹಾಗೆಯೇ ಇರಲಿ. ಎಡಗೋಡೆಯ ಮೇಲಿನ ಅಂಚಿಗೆ ನಿಮ್ಮ ಬೆರಳು ಮುಟ್ಟಿಸುತ್ತೇನೆ. ನೀವೇ ಎಣಿಸಿರಿ ಕಾಕಾ. ಹದಿನೈದಕ್ಕೆ ಮುಗಿದುಹೋದಾಗ ನಾನು ನಿಮ್ಮ ಪಕ್ಕದಲ್ಲೇ ನಿಂತಿರುತ್ತೇನೆ.