ಅರುಂಧತಿ ಕಂಡ ಹದಿನೈದು ನಿಮಿಷ

ನಾಲ್ಕು ವರ್ಷಗಳ ಹಿಂದೆ, ಠಾಣೆ ಬಳಿಯ ಕಳವಾ ಊರಿನ ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯವರು ಯಾರನ್ನೂ ಕೇಳದೆ ಟೆರೇಸಿನ ನೀರಿನ ಟಾಕಿಯ ಮೇಲೆ ಫ್ಲಡ್‌ಲೈಟ್ ಕೂಡಿಸಿ, ನಮ್ಮ ಪಾಲಿನ ಆಕಾಶವನ್ನು ಕಿತ್ತುಕೊಂಡರು. ನಾನು ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲ. ಎರಡನೆಯದರ ಮೇಲೆ ಆಫೀಸಿನವರು ಫರಸಾಣ ಹರವಿಕೊಂಡು ತಿನ್ನುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಮುಂದಿನದನ್ನು ಓದಿ ಮುದುಕನ ಭ್ರಮೆಯೆಂದು ನೀವು ನಗಬಹುದು. ರೈಲ್ವೆ ಕಾರ್‌ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ವೈರಿಂಗ್ ಪರೀಕ್ಷಿಸಿದವನು ನಾನು; ಕಾರಣವಿಲ್ಲದೆ ದೀಪ ಆರಿತೆಂದು ಯಾರಾದರೂ ಹೇಳಿದ್ದರೆ ಅಂದು ನಾನೂ ನಗುತ್ತಿದ್ದೆ.

ನನ್ನ ಹೆಂಡತಿಗೆ ಆಗ ಬಲಗಣ್ಣೊಂದೇ ಉಳಿದಿತ್ತು. ಅದೂ ಹೆಚ್ಚು ದಿನ ನಿಲ್ಲದೆಂದು ಠಾಣೆಯ ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಆಕೆಗೆ ಒಂದು ಆಸೆ ತೀರಬೇಕಿತ್ತು. ಬಾಗಲಕೋಟೆಯಲ್ಲಿ ನಮ್ಮ ಮದುವೆ ನಡೆದದ್ದು ನಡುಹಗಲಿನಲ್ಲಿ. ಭಟ್ಟರು ವಾಡಿಕೆಯಂತೆ ಚಪ್ಪರದಾಚೆ ಬೆರಳು ತೋರಿಸಿ, ಅರುಂಧತಿ ಕಂಡಿತೇ ಎಂದು ಕೇಳಿದರು. ಎಲ್ಲ ಮದುವಣಗಿತ್ತಿಯರಂತೆ ಆಕೆಯೂ ಸುಡುಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕಂಡಿತು ಎಂದಳು.

“ಸುಳ್ಳು ಹೇಳಿ ನಿಮ್ಮನ್ನ ಕಟಗೊಂಡೇನ್ರಿ. ಒಮ್ಮೆರ ಖರೇನ ನೋಡಬೇಕು,” ಎನ್ನುತ್ತಿದ್ದಳು.

ಅರ್ಧ ತಾಸು ದೀಪ ಆರಿಸಿರೆಂದು ಬೇಡಲು ಸೆಕ್ರೆಟರಿಯವರ ಬಾಗಿಲಿಗೇ ಹೋದೆ. ಉಡುಪಿ ಕಡೆಯವರು, ಹೋಟೆಲಿನ ಮಾಲೀಕರು.

“ಕತ್ತಲೆ ಬೇಕಾದ್ರೆ ಊರಿಗೆ ಹೋಗಿ ಮಾರಾಯ್ರೆ! ಇಲ್ಲಿ ಸಿಸಿಟಿವಿಗೆ ಕಾಣ್ಬೇಡ್ವಾ? ನಕ್ಷತ್ರ ಅಲ್ವಾ, ಮೊಬೈಲಲ್ಲಿ ತೋರ್ಸಿ ಅವರಿಗೆ.”

ಒಳಗೆ ಕುಳಿತವರು ನಕ್ಕರು. ಯಾರು ಯಾರು ನಕ್ಕರೆಂಬುದೂ ನನಗೆ ನೆನಪಿದೆ.

ಅದೇ ವಾರ ಅಮಾವಾಸ್ಯೆ ಬಂತು, ಏಪ್ರಿಲ್ ತಿಂಗಳು. ರಾತ್ರಿ ಎಂಟೂವರೆಗೆ ಹಟದಿಂದ ಆಕೆಯನ್ನು ಟೆರೇಸಿಗೆ ಕರೆದೊಯ್ದೆ. ಬೆಳಕು ಮುಖಕ್ಕೆ ರಾಚುತ್ತಿತ್ತು. ಉತ್ತರಕ್ಕೆ ತಿರುಗಿ ನಿಂತೆವು. ಆಕೆ ನನ್ನ ತೋಳು ಹಿಡಿದಳು.

ಫ್ಲಡ್‌ಲೈಟ್ ಆರಿತು. ಮಿಣುಕಲಿಲ್ಲ, ಸದ್ದೂ ಆಗಲಿಲ್ಲ. ಬಳಿಕ ರಸ್ತೆಯ ದೀಪಗಳು, ಉಪ್ಪುನೀರ ಖಾಡಿಯಾಚೆ ಠಾಣೆಯ ಟವರುಗಳ ದೀಪಗಳು, ಮುಂಬ್ರಾ ಗುಡ್ಡದ ಬುಡದವು, ಒಂದೊಂದಾಗಿ ಆರಿದವು. ಕರೆಂಟ್ ಹೋಗಿರಲಿಲ್ಲ: ಲಿಫ್ಟಿನ ಮೋಟರು ಗುಂಯ್ ಎನ್ನುತ್ತಿತ್ತು, ಕೆಳಮನೆಯ ಟಿವಿ ಮಾತಾಡುತ್ತಲೇ ಇತ್ತು. ತಲೆಯ ಮೇಲೆ ಮಾತ್ರ ನಾನು ಬಾಲ್ಯದಲ್ಲಿ ಕಂಡಿದ್ದ ಆಕಾಶ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

“ಅಲ್ಲಿ ನೋಡ್ರಿ, ವಸಿಷ್ಠರ ಮಗ್ಗಲಕ್ಕ! ಸಣ್ಣಾಕಿ!” ಎಂದಳು. ಎರಡೂ ಕಣ್ಣಿದ್ದ ನನಗೆ ಅದು ಕಂಡದ್ದು ಆಮೇಲೆ. “ಈಗ ಮದುವಿ ಆತು ನೋಡ್ರಿ ನಂದು.”

ನನ್ನ ರೇಡಿಯಂ ಮುಳ್ಳಿನ ಕೈಗಡಿಯಾರದ ಪ್ರಕಾರ ಹದಿನೈದು ನಿಮಿಷ. ಅನಂತರ ಎಲ್ಲ ದೀಪಗಳೂ ಹೊತ್ತಿಕೊಂಡವು.

ಕೆಳಗಿಳಿದು ವಾಚ್‌ಮನ್‌ನನ್ನು ಕೇಳಿದೆ. “ಬತ್ತೀ? ಬಂದ್ ಹುಯೀಚ್ ನಹೀ, ಕಾಕಾ,” ಎಂದ; ದೀಪ ಆರಿಯೇ ಇಲ್ಲವೆಂದು ನನ್ನನ್ನೇ ವಿಚಿತ್ರವಾಗಿ ನೋಡಿದ. ಇಡೀ ಕಟ್ಟಡದಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಮರುದಿನ ಟೈಮರು, ವೈರು, ಜೋಡಣೆ, ಎಲ್ಲವನ್ನೂ ನಾನೇ ಪರೀಕ್ಷಿಸಿದೆ, ದೋಷವಿರಲಿಲ್ಲ. ಸಿಸಿಟಿವಿ ನೋಡೋಣವೆಂದರೆ, ಅದು ಕೆಟ್ಟು ಎರಡು ತಿಂಗಳಾಗಿತ್ತಂತೆ. ನಡೆದದ್ದೇನೆಂದು ನನಗೆ ಇಂದಿಗೂ ತಿಳಿಯದು.

ಆಕೆಯ ದೃಷ್ಟಿ ಈಗ ಪೂರ್ಣ ಹೋಗಿದೆ. ಆದರೂ ಬೇಸಿಗೆಯ ಅಮಾವಾಸ್ಯೆಗಳಲ್ಲಿ, ಆಕೆಯ ಬಾಯಿಂದ ಇದನ್ನು ಕೇಳಿದ ಮೂರು ಮನೆಯವರು ತಮ್ಮ ಬಾಲ್ಕನಿಯ ದೀಪ ಆರಿಸಿ, ಟೆರೇಸಿಗೆ ಬಂದು, ಫ್ಲಡ್‌ಲೈಟಿಗೆ ಅಡ್ಡವಾಗಿ ಚಾದರ ಹಿಡಿಯುತ್ತಾರೆ. ಆಕೆ ಬೆರಳು ತೋರಿಸುತ್ತಾಳೆ; ಗುರಿ ತಪ್ಪುವುದಿಲ್ಲ. ಕಳೆದ ಸಲ ಎರಡನೆಯ ಮಹಡಿಯ ಹೊಸ ಸೊಸೆ, “ದಿಸಲಾ, ಕಾಕೂ, ದಿಸಲಾ!” ಎಂದು, ಕಂಡ ಸಂತೋಷಕ್ಕೆ ಮರಾಠಿಯಲ್ಲಿ ಕೂಗಿಬಿಟ್ಟಳು. ಅವಳು ಸುಳ್ಳು ಹೇಳಬೇಕಾಗಲಿಲ್ಲ.

ಕಮಿಟಿಯ ಮಹನೀಯರೇ, ನಾಲ್ಕನೆಯ ಪತ್ರದ ಬದಲು ಇದನ್ನು ಬರೆದಿದ್ದೇನೆ. ಹದಿನೈದು ನಿಮಿಷ ಆ ದೀಪವಿಲ್ಲದ್ದು ನಿಮ್ಮಲ್ಲಿ ಒಬ್ಬರಿಗೂ ತಿಳಿಯಲಿಲ್ಲವಾದರೆ, ಅದು ಉರಿಯುತ್ತಿರುವುದು ಯಾರಿಗಾಗಿ?