ಓಬವ್ವನ್ನ ಹೊಳೆಯಿಂದ ಎಳೆದೋರು

ವಿನೋಬನಗರದಾಗೆ ನನ್ನ ಬಳೆ ಅಂಗಡಿ ಪಕ್ಕಕ್ಕೇ ಓಬವ್ವನ ಮಂಡಕ್ಕಿ-ಮಿರ್ಚಿ ಗಾಡಿ. ಕುಕ್ಕುವಾಡದೋಳು. ಗಂಡ ತೀರಿಕೊಂಡ ಮೇಲೆ ಈ ಗಾಡಿ ಮೇಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ ಗಟ್ಟಿಗಿತ್ತಿ. ಮಿರ್ಚಿಗಿಂತ ಬಾಯಿ ಖಾರ. ಯಾರಾದ್ರೂ ಕೊಂಕು ತೆಗೆದ್ರೆ "ನಿಮ್ಮನಿಗೆ ಹೋಗಿ ತಿನ್ನು" ಅಂತ ಅಟ್ಟೋಳು. ನನಗೆ ಅದೇ ಟೀವಿ.

ಅವರಾತ್ರಿ ಅಂತಾರಲ್ಲ, ಆ ಅಮಾಸೆ ಹಬ್ಬದ ದಿನ ಇಬ್ಬರೂ ಹರಿಹರಕ್ಕೆ ಹೊಳೆ ಸ್ನಾನಕ್ಕೆ ಹೋಗಿದ್ವಿ. ಪಾಚಿ ಕಟ್ಟಿದ ಮೆಟ್ಟಿಲು, ಓಬವ್ವ ಜಾರಿ ಮುಳುಗಿದಳು. ಯಾರೋ ರಟ್ಟೆ ಹಿಡಿದು ಎಳೆದು ಮ್ಯಾಲೆ ಹಾಕಿದ್ರು. ನಾವು ಬೆನ್ನು ತಿಕ್ಕಿ, ನೀರು ಕಕ್ಕಿಸಿ, ತಲೆ ಎತ್ತೋದ್ರೊಳಗೆ ಆ ಪುಣ್ಯಾತ್ಮರು ಜನದಾಗೆ ಮಾಯ. ಓಬವ್ವ ಅಲ್ಲೇ ಹೊಳೆಗೆ ಕೈಮುಗಿದು, "ನನ್ನ ಎಳೆದೋರನ್ನ ಮನೆಗೆ ಕರೆದು ಹೋಳಿಗೆ ಉಣಿಸೋತನಕ ನಾನೂ ಹೋಳಿಗೆ ಮುಟ್ಟಲ್ಲ" ಅಂದುಬಿಟ್ಟಳು. ಹೋಳಿಗೆ ಅಂದ್ರೆ ಪ್ರಾಣ ಬಿಡೋಳು ಅವಳು.

ಯಾರು ಅಂತ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು. ನಾನು ಕಣ್ಣಾರೆ ಕಂಡಿದ್ದು ಕೆಂಪು ಸೀರೆ ಹೆಂಗಸು. ದಂಡೆಯಾಗೆ ಕಾಯಿ ಮಾರೋ ಬೋರಣ್ಣ, "ಬನಿಯನ್ ಹಾಕಿದ್ದ ಗಂಡಸು, ಮೀಸೆ ಇತ್ತು" ಅಂದ. ಸೀರೆ ಯಾವುದು ಬನಿಯನ್ ಯಾವುದು ತಿಳಿಯದೋನು ಬಲಿತ ಕಾಯಿ ಹೆಂಗೆ ಆರಿಸ್ತೀಯೋ ಅಂತ ಜಗಳಕ್ಕೇ ಬಿದ್ದೆ. ಬಟ್ಟೆ ಒಗೀತಿದ್ದ ಖೈರುನ್ನೀಸಾ, "ಯಾರೂ ಇಲ್ರಿ ಅಕ್ಕಾ, ಇವರೇ ಮೆಟ್ಟಿಲು ತಬ್ಕೊಂಡು ಹತ್ತಿದ್ರು, ಆಣೆ ಮಾಡ್ತೀನಿ" ಅಂದಳು. ಮೂವರೂ ಅಲ್ಲೇ ಇದ್ವಿ, ಕುರುಡರೂ ಅಲ್ಲ.

ಓಬವ್ವ ಮತ್ತೆ ಮತ್ತೆ ಹರಿಹರಕ್ಕೆ ಹೋಗಿ ಹುಡುಕಿದಳು. ಕೆಂಪು ಸೀರೆಯೋರು ಸಿಕ್ಕರು, ಮೀಸೆಯೋರೂ ಸಿಕ್ಕರು, ಎಳೆದೋರು ಮಾತ್ರ ಸಿಗಲಿಲ್ಲ. ಯುಗಾದಿಗೆ ನಾನು ಹೋಳಿಗೆ ತಟ್ಟೆ ಮುಂದಿಟ್ಟರೆ, ಮೂಸಿ ನೋಡಿ ಹಿಂದಕ್ಕೆ ತಳ್ಳಿದಳು. ಕೆಂಪು ಸೀರೆನೇ ಅಂತ ಜಗಳ ಆಡಿದ್ದನ್ನೆಲ್ಲಾ ನುಂಗಿಕೊಂಡು, "ಖೈರುನ್ನೀಸಾ ಹೇಳಿದ್ದೇ ಖರೆ ಅಂದ್ಕೊಳ್ಳವ್ವ. ನೀನೇ ಹತ್ತಿ ಬಂದೆ. ತಿನ್ನು" ಅಂದೆ.

"ನಾ ಹತ್ತಲಿಲ್ಲ ಶಕುಂತಲಕ್ಕ. ಆ ಕೈ ನೆನಪೈತೆ" ಅಂದಳು.

ನಿನ್ನೆ ಸಂಜೆ ಬೈಕಿನ ಹುಡುಗನೊಬ್ಬ ಒಂದು ಮಿರ್ಚಿ ಕಚ್ಚಿ, ಥೂ ತಣ್ಣಗಾಗೈತೆ ಅಂದ. ಇನ್ನೇನು ಶುರುವಾಯ್ತು ಅಂತ ನಾನು ಅಂಗಡಿ ಬಿಟ್ಟು ಹೊರಗೆ ಬಂದೆ. ಓಬವ್ವ ಬಾಯಿ ತೆರೆದೋಳು ಮುಚ್ಚಿಕೊಂಡು, ಬಾಣಲಿಯಿಂದ ಬಿಸಿಬಿಸಿ ಎರಡು ತೆಗೆದು ಅವನ ಕೈಗಿಟ್ಟಳು.

"ಯಾಕವ್ವ ಬೈಯದೆ ಬಿಟ್ಟೆ?" ಅಂದೆ.

"ಇವನೇ ಆಗಿದ್ರೆ?"

"ಮೀಸೆನೇ ಇಲ್ಲವಲ್ಲೇ ಅವನಿಗೆ."

"ಬೋಳಿಸಿರಬೌದು" ಅಂದಳು. ಆಮೇಲೆ ಜಾಲರಿ ಝಾಡಿಸ್ತಾ, "ಯಾರನ್ನ ಅಂತ ಬೈಯಲಿ ಅಕ್ಕಾ, ಯಾರ ಕೈಯೋ ಏನೋ" ಅಂದಳು.