ಸೊಣ್ಣಮ್ಮ ಎಳೆದ ಗೆರೆ

ಓವರ್ಸಿಯರ್ ರಾಮಾಂಜಿನಪ್ಪನವರು ಸೂಲಿಬೆಲೆ ಕಡೆಯ ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆಯೇ ಸಗಣಿಯ ಮೇಲೆ ಜಾರಿ ಬಿದ್ದರು. ದಾರಿಯಲ್ಲಿ ಬಿದ್ದಿದ್ದ ಸಗಣಿಯಾಗಿದ್ದರೆ ದನವನ್ನಾದರೂ ಬೈಯಬಹುದಿತ್ತು. ಇದು ಯಾರೋ ಅಚ್ಚುಕಟ್ಟಾಗಿ ನೆಲ ಸಾರಿಸಿದ್ದ ಸಗಣಿ. ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಸರ್ಕಾರಿ ಮೊಹರಿನಷ್ಟೇ ದುಂಡಗೆ ಗುರುತು ಮೂಡಿತು. ಕೂಲಿಯಾಳುಗಳು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು. ನಗದೆ ಹತ್ತಿರ ಬಂದವಳು ಮಣ್ಣು ಹೊರುವ ಸೊಣ್ಣಮ್ಮ ಒಬ್ಬಳೇ. ತಮ್ಮನ್ನು ಎಬ್ಬಿಸಲು ಬಂದಳೆಂದು ಅವರು ಕೈ ಚಾಚಿದರು. ಅವಳು ಅವರು ತಾವಾಗಿ ಏಳುವವರೆಗೂ ಕಾದಿದ್ದು, ಆ ಜಾಗವನ್ನು ಮತ್ತೆ ಸಾರಿಸಿ, ಅಳಿಸಿಹೋಗಿದ್ದ ರಂಗೋಲಿ ಗೆರೆಯನ್ನು ಎಳೆದು ಹೊರಟುಹೋದಳು.

ಅದು ಎಪ್ಪತ್ತೊಂದನೇ ಇಸವಿ. ಊರಿಗೆ ಕುಡಿಯುವ ನೀರಿನ ಪೈಪು ತರಲು ದಿಬ್ಬವೊಂದನ್ನು ಸೀಳಿ ಗುಂಡಿ ತೋಡಬೇಕಿತ್ತು. ದಿಬ್ಬ ಎತ್ತರವಿದ್ದ ಕಡೆ ಒಂಬತ್ತಡಿ ಆಳ, ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕಾದಷ್ಟು ಅಗಲ. ಹಿಂದೆಂದೋ ಜನ ಬಿಟ್ಟುಹೋದ ಹಾಳೂರಿನ ದಿಬ್ಬವದು. ಬೂದಿ, ಮಡಕೆಚೂರು, ಒಂದನ್ನೊಂದು ನಂಬದ ಸಡಿಲ ಮಣ್ಣು. ಆ ಗುಂಡಿಯ ಎರಡೂ ಅಂಚಿಗೆ ಸೊಣ್ಣಮ್ಮ ದಿನಾ ಬೆಳಿಗ್ಗೆ ಮೂರಡಿ ಅಗಲಕ್ಕೆ ಸಗಣಿ ಸಾರಿಸಿ, ಮೇಲೆ ರಂಗೋಲಿ ಎಳೆಯುತ್ತಿದ್ದಳು.

ಇದು ಯಾವುದೋ ದೇವತೆಯ ಸೇವೆಯೆಂದು ರಾಮಾಂಜಿನಪ್ಪನವರು ತೀರ್ಮಾನಿಸಿದರು. ತೀರ್ಮಾನಿಸುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ. ಸರ್ಕಾರಿ ಗುಂಡಿ ನಿನ್ನ ಮನೆಯಂಗಳವಲ್ಲ ಎಂದು ಅವಳಿಗೂ, ಮಣ್ಣನ್ನು ಅಷ್ಟು ದೂರ ಹೊತ್ತು ಹೊತ್ತು ಕಾಲ ಕಳೆಯಬೇಡಿ, ಅಂಚಿಗೇ ಸುರಿಯಿರಿ ಎಂದು ಎಲ್ಲರಿಗೂ ಹೇಳಿದರು. ಎಲ್ಲರೂ ಆಗಲಿ ಸ್ವಾಮಿ ಎಂದು ತಲೆಯಾಡಿಸಿ, ಮೊದಲಿನಂತೆಯೇ ದೂರಕ್ಕೇ ಹೊತ್ತರು. ರಂಗೋಲಿಯ ಮೇಲೆ ಮಣ್ಣು ಸುರಿಯುವ ಕೈ ಆ ಸೀಮೆಯಲ್ಲೇ ಇರಲಿಲ್ಲ. ಮೂರು ದಿನ ಕಳೆಯುವಷ್ಟರಲ್ಲಿ ಸ್ವತಃ ಸಾಹೇಬರ ಬೂಟುಗಳೂ ಗೆರೆಯನ್ನು ಸುತ್ತುಹಾಕಿಕೊಂಡೇ ಓಡಾಡುತ್ತಿದ್ದವು.

ರಂಗೋಲಿಯ ಕಥೆ ಅವರಿಗೆ ಗೊತ್ತಾದದ್ದು ಮೇಸ್ತ್ರಿ ಗಂಗಣ್ಣನಿಂದ. ಬಾವಿ ತೋಡುವ ಮನೆಗೆ ಸೊಣ್ಣಮ್ಮ ಸೊಸೆಯಾಗಿ ಬಂದ ವರ್ಷ. ಬೆಳಿಗ್ಗೆ ಬಾಗಿಲಿಗೆ ಹಾಕಿದ್ದ ರಂಗೋಲಿ ಮಧ್ಯಾಹ್ನಕ್ಕೆ ನಡುವೆ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಎಳೆಯಲು ಬಾರದ ಸೊಸೆ ಎಂದು ಅತ್ತೆ ಗೊಣಗಿದಳು. ಸಂಜೆ ಪಕ್ಕದಲ್ಲಿ ನೆಲದೊಳಗೆ ರಾಗಿ ತುಂಬಿಡುವ ಹಗೇವು ಬಾಯಿಯ ಸಮೇತ ಒಳಕ್ಕೆ ಕುಸಿಯಿತು. ಅತ್ತೆ ಅಂದಿನಿಂದ ಗೊಣಗಲಿಲ್ಲ, ಸೊಸೆ ಅಂದಿನಿಂದ ಗಂಡ ಇಳಿಯುವ ಯಾವ ಗುಂಡಿಯನ್ನೂ ಬರಿದಾಗಿ ಬಿಡಲಿಲ್ಲ. ಬರೀ ಮಣ್ಣಿನಲ್ಲಿ ಕಾಣದ ಬಿರುಕು ಸಾರಿಸಿದ ನೆಲದಲ್ಲಿ ಕಾಣುತ್ತದೆ, ಗೆರೆ ಎಳೆದಿದ್ದರೆ ಇನ್ನೂ ಬೇಗ ಕಾಣುತ್ತದೆ. ಗಂಡ ಬೈಲಪ್ಪನಿಗೆ ಬಂಡೆ ಸಿಡಿಸುವ ಕೆಲಸದಲ್ಲಿ ಕಿವಿ ಹೋಗಿತ್ತು. ಮೇಲಿನಿಂದ ಕೂಗಿದರೆ ಕೇಳದು. ಅದಕ್ಕೆ ಅವಳು ನೆಲ್ಲಿಕಾಯಿ ಗಾತ್ರದ ಮಣ್ಣಿನ ಹೆಂಟೆಯೊಂದನ್ನು ಅವನ ಬೆನ್ನಿಗೆ ಎಸೆಯುತ್ತಿದ್ದಳು. ನೋಯದಂತೆ ಎಸೆಯುವುದು ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಕೈಗೆ ಕೂತಿತ್ತು.

ಎರಡು ದಿನ ಮಳೆ ಹಿಡಿದು, ಮೂರನೆಯ ದಿನ ಬಿಸಿಲು ಕಾಯಿತು. ಮರುದಿನ ಎಂಜಿನಿಯರು ನೋಡಲು ಬರುವವರಿದ್ದರು. ಆಳ ಅಳೆಯಲು ರಾಮಾಂಜಿನಪ್ಪನವರೇ ಟೇಪು ಹಿಡಿದು ಗುಂಡಿಗಿಳಿದರು. ಹನ್ನೊಂದರ ಹೊತ್ತಿಗೆ ಅಲ್ಲೇ ಅಗೆಯುತ್ತಿದ್ದ ಬೈಲಪ್ಪನ ಬೆನ್ನಿಗೆ ಹೆಂಟೆ ಬಿತ್ತು. ಅವನು ತಲೆಯೆತ್ತಿ ಹೆಂಡತಿಯ ಮುಖ ನೋಡಿದ, ಹಾರೆಯನ್ನು ಅಲ್ಲೇ ಬಿಟ್ಟು ಮಿಕ್ಕವರ ಬೆನ್ನು ತಟ್ಟಿ ಏಣಿ ತೋರಿಸಿದ. ಎರಡನೆಯ ಹೆಂಟೆ ಸಾಹೇಬರ ಟೋಪಿಗೆ ಬಿತ್ತು.

"ಗೆರೆ ಬಿಟ್ಕಂಡೈತೆ ಸ್ವಾಮಿ. ಮ್ಯಾಕೆ ಬನ್ನಿ."

ಅಳತೆ ಮುಗಿಯಲಿ ಎಂದರು ಅವರು. ಬೈಲಪ್ಪನಿಗೆ ಅದು ಕೇಳಿಸಲಿಲ್ಲ. ಅವರ ರಟ್ಟೆ ಹಿಡಿದು ಏಣಿಗೆ ಹತ್ತಿಸಿ, ಹಿಂದಿನಿಂದ ಭುಜ ಕೊಟ್ಟು ನೂಕಿದ. ಸರ್ಕಾರಿ ಮರ್ಯಾದೆ ಟೇಪಿನ ಜೊತೆ ಕೆಳಗೇ ಉಳಿಯಿತು.

ಮೇಲೆ ಬಂದ ಸಾಹೇಬರು ಉರಿದುಬಿದ್ದರು. ಗೆರೆಯನ್ನು ಬಗ್ಗಿ ನೋಡಿದರೆ ಬಿರುಕು ಕನ್ನಡಕಕ್ಕೂ ಸರಿಯಾಗಿ ಸಿಗದಷ್ಟು ಸಣ್ಣದು. ಸಂಜೆಯೊಳಗೆ ಏನೂ ಆಗದಿದ್ದರೆ ಗಂಡ ಹೆಂಡತಿ ಇಬ್ಬರೂ ನಾಳೆಯಿಂದ ಬರುವುದು ಬೇಡ ಎಂದರು. ಸೊಣ್ಣಮ್ಮ ಹೂಂ ಎಂದು ಹೊಂಗೆಮರದ ಕೆಳಗೆ ಕೂತು ಗಂಡನ ತಲೆಯ ಮಣ್ಣು ಕೊಡವತೊಡಗಿದಳು. ಹನ್ನೆರಡಾಯಿತು, ಒಂದಾಯಿತು. ಸಾಹೇಬರು ಟೇಪು ತರಲು ಎರಡು ಸಲ ಎದ್ದರು. ಎರಡು ಸಲವೂ ಅವಳು ದಾರಿಗೆ ಅಡ್ಡ ನಿಂತಳು. ಎರಡರ ಸುಮಾರಿಗೆ ಗುಂಡಿಯ ಎಡಗೋಡೆ, ಬಸುರಿ ಹಸು ಮಲಗುವಂತೆ, ನಿಧಾನವಾಗಿ ಒರಗಿತು. ಸದ್ದೂ ಹೆಚ್ಚಾಗಲಿಲ್ಲ. ಏಣಿ, ಹಾರೆ, ಟೇಪು ಎಲ್ಲವೂ ಒಳಗೆ.

ರಾಮಾಂಜಿನಪ್ಪನವರು ಗುಂಡಿಯೊಳಗೆ ತಾವು ಟೇಪು ಹಿಡಿದು ನಿಂತಿದ್ದ ಜಾಗವನ್ನು ನೋಡಿದರು. ಆಮೇಲೆ ಹೊಂಗೆಮರದ ಕೆಳಗೆ ಬಂದು ಸೊಣ್ಣಮ್ಮನ ಎದುರು ನಿಂತರು.

"ಅಲ್ಲಮ್ಮ, ಒಂದು ವೇಳೆ ಬೀಳದೇ ಇದ್ದಿದ್ರೆ ಏನ್ ಮಾಡ್ತಿದ್ದೆ?"

ಸೊಣ್ಣಮ್ಮ ಗಂಡನ ಕಿವಿಯ ಹಿಂದಿನ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮ್ ತಾವ ಬೈಸ್ಕಂಡು, ಮನೆಗೋಗಿ ಇಬ್ರೂ ಮುದ್ದೆ ಉಂಡು ಮಲಿಕ್ಕಂತಿದ್ವಿ ಸ್ವಾಮಿ."